ಎಡಗಡೆಯಿಂದ ಬಂದ ಮಾತು

ನಾನು ಧಾರಾವಾಹಿಗೆ ಬಂದದ್ದು ಐವತ್ತೆರಡನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ಹುಬ್ಬಳ್ಳಿ, ಧಾರವಾಡದ ಹವ್ಯಾಸಿ ತಂಡಗಳಲ್ಲಿ ಪಾತ್ರ ಮಾಡುತ್ತ, ಬೈರಿದೇವರಕೊಪ್ಪದ ಮನೆಯ ಮುಂಗೋಣೆಯಲ್ಲಿ ಜಂಪರು ಹೊಲಿಯುತ್ತ ಇದ್ದವಳು. ನಮ್ಮ ಕಡೆಯ ಭಾಷೆಯ ಧಾರಾವಾಹಿಗೆ ತಾಯಿಯ ಪಾತ್ರಧಾರಿ ಬೇಕಾಗಿದ್ದಾರೆ ಎಂದು ಯಾರೋ ಹೇಳಿದರು. ಹೋದೆ, ಆಯ್ಕೆಯಾದೆ. ಗರಗದ ದಾರಿಯಲ್ಲಿ ಹಳೆಯ ವಾಡೆಯೊಂದನ್ನು ಬಾಡಿಗೆಗೆ ಹಿಡಿದು ಅಲ್ಲೇ ಚಿತ್ರೀಕರಣ ನಡೆಸುತ್ತಿದ್ದರು.

ನಾಟಕದಲ್ಲಿ ಮಾತು ಬಾಯಿಪಾಠವಿರುತ್ತದೆ. ಧಾರಾವಾಹಿಯಲ್ಲಿ ದೃಶ್ಯದ ಹಾಳೆ ಸಿಗುವುದೇ ಬಣ್ಣ ಹಚ್ಚಿಕೊಳ್ಳುವ ಹೊತ್ತಿಗೆ. ಕ್ಯಾಮೆರಾದ ಪಕ್ಕದಲ್ಲಿ ಒಬ್ಬರು ನಿಂತು ಒಂದೊಂದೇ ಸಾಲು ಓದುತ್ತಾರೆ, ನಾವು ಅದನ್ನು ಕೇಳಿಸಿಕೊಂಡು ಭಾವ ತುಂಬಿ ಹೇಳಬೇಕು. ಪ್ರಾಂಪ್ಟಿಂಗ್ ಎನ್ನುತ್ತಾರೆ. ನಮಗೆ ಓದುತ್ತಿದ್ದವರು ಮೈಸೂರಿನ ಸಹ ನಿರ್ದೇಶಕಿ. ಸುಮಾರು ನಲವತ್ತು ವರ್ಷದ, ಹೆಚ್ಚು ಮಾತಾಡದ ಹೆಂಗಸು.

ಎರಡನೆಯ ವರ್ಷ ನನ್ನ ಕಿವಿ ಮಂದವಾಗತೊಡಗಿತು, ಎಡಗಿವಿಯಂತೂ ಬಹಳ. ಅದು ಮೊದಲು ಗೊತ್ತಾದದ್ದು ನನ್ನ ಗಂಡನಿಗೆ.

"ಕುಕ್ಕರ್ ಐದು ಸಲ ಕೂಗ್ತು. ಬಾಜೂಕ ನಿಂತೀ, ಕೇಳಸಲಿಲ್ಲೇನು?" ಅಂದರು. ಅವರು ಗೋಕುಲ ರಸ್ತೆಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. "ಮೂವತ್ತು ವರ್ಷ ಲೇತ್ ಮುಂದ ನಿಂತಾಂವ ನಾ, ಕಿವಿ ಹೋಗಿದ್ದು ನಿಂದು!"

ನಕ್ಕರು. ನಾನೂ ನಕ್ಕೆ. ಕಿವಿಯ ಡಾಕ್ಟರು ಪರೀಕ್ಷೆ ಮಾಡಿ, ನರ ಸೋತಿದೆ, ಔಷಧದಿಂದ ಸರಿಹೋಗುವುದಿಲ್ಲ, ಮಷೀನ್ ಹಾಕಿಕೊಳ್ಳಿ ಎಂದರು. ಮಷೀನ್ ತಂದೆವು. ಶೂಟಿಂಗಿನಲ್ಲಿ ಯಾರಾದರೂ ನೋಡಿಯಾರೆಂದು ಹೆದರಿ ಅದನ್ನು ಡಬ್ಬಿಯಲ್ಲೇ ಇಟ್ಟೆ.

ನನ್ನ ಹೆದರಿಕೆಗೆ ಕಾರಣವಿತ್ತು. ನಮ್ಮ ಧಾರಾವಾಹಿಯ ಅಜ್ಜಿ ಮೊಣಕಾಲು ನೋವೆಂದು ಮೂರು ಸಲ ಶೂಟಿಂಗ್ ತಪ್ಪಿಸಿದ್ದರು. ನಾಲ್ಕನೆಯ ಸಲ ನಾವು ಹೋದಾಗ ಅವರ ಹಸಿರು ಇಳಕಲ್ ಸೀರೆಯನ್ನೇ ಉಟ್ಟು ಬೇರೊಬ್ಬರು ಕುರ್ಚಿಯಲ್ಲಿ ಕೂತಿದ್ದರು. ಮಧ್ಯಾಹ್ನದ ಹೊತ್ತಿಗೆ ನಾವೆಲ್ಲ ಆ ಹೊಸಬರನ್ನೇ "ಅಜ್ಜಿ" ಎಂದು ಕರೆಯತೊಡಗಿದ್ದೆವು. ನಾನೂ ಕರೆದಿದ್ದೆ.

ಹಾಗಾಗಿ ಮುಚ್ಚಿಟ್ಟೆ. ಶೂಟಿಂಗಿಗೆ ಕರೆದೊಯ್ಯುವ ಕಾರಿನಲ್ಲಿ ಬಲಬದಿಗೆ ಜನ ಬರುವಂತೆ ಎಡಗಡೆಯ ಕಿಟಕಿಯ ಪಕ್ಕ ಕೂತೆ. ಹಾಳೆ ಸಿಕ್ಕೊಡನೆ ಮೂಲೆ ಹಿಡಿದು ಬಾಯಿಪಾಠ ಮಾಡಿದೆ. ಓದುವವರ ತುಟಿ ನೋಡುವುದನ್ನು ಕಲಿತೆ.

ಸಿಕ್ಕಿಬಿದ್ದದ್ದು ಸೊಸೆ ಮನೆ ಬಿಟ್ಟು ಹೊರಡುವ ದೃಶ್ಯದಲ್ಲಿ. ಕೊನೆಯ ಗಳಿಗೆಯಲ್ಲಿ ಮಾತು ಬದಲಾಗಿತ್ತು. ನಾನು ಅವಳ ಕೈ ಹಿಡಿದು ತಡೆಯಬೇಕು. ಎಡಗಡೆಯಿಂದ ಸಾಲು ಬಂತು. ಕಣ್ಣಲ್ಲಿ ನೀರು ತಂದುಕೊಂಡು ಹೇಳಿದೆ:

"ನನ್ನ ಮಾತ ಕೇಳವಾ, ಈ ಮನಿ ಬಿಟ್ಟ ಹೋಗಿಬಿಡು."

ಇದ್ದದ್ದು "ಹೋಗಬ್ಯಾಡ" ಎಂದು. ಸೊಸೆ ಬಾಯಿ ತೆರೆದು ನಿಂತಳು. ಲೈಟಿನವರು ನಕ್ಕರು.

"ಏನ್ರಿ ಅಕ್ಕಾರ, ಸೊಸಿನ್ನ ಹೊರಗ ಹಾಕಿಬಿಟ್ರಿ?" ಎಂದು ನಿರ್ದೇಶಕರೂ ನಕ್ಕರು. ಅವರು ಧಾರವಾಡದವರು. ಮರುಕ್ಷಣ ಸಹ ನಿರ್ದೇಶಕಿಯ ಕಡೆ ತಿರುಗಿದರು. "ಎರಡು ವರ್ಷ ಆತು ಇಲ್ಲಿಗೆ ಬಂದು. 'ಬ್ಯಾಡ' ಅಂತ ಸ್ವಚ್ಛ ಅನ್ನಾಕ ಬರೂದಿಲ್ಲೇನು ನಿಮಗ? ಇಡೀ ಯೂನಿಟ್ಟಿನ ಟೈಮ್ ಹಾಳ!"

ಆಕೆ ನನ್ನನ್ನೊಮ್ಮೆ ನೋಡಿ, "ಸಾರಿ ಸರ್, ನನ್ನದೇ ತಪ್ಪು" ಎಂದರು.

ನಾನು ಸುಮ್ಮನೆ ನಿಂತಿದ್ದೆ. ಮೂರನೆಯ ಟೇಕಿಗೆ ದೃಶ್ಯ ಮುಗಿಯಿತು.

ಊಟದ ಹೊತ್ತಿಗೆ ವಾಡೆಯ ಹಿತ್ತಲ ಕಟ್ಟೆಯ ಮೇಲೆ ಆಕೆ ಒಬ್ಬರೇ ರೊಟ್ಟಿ ತಿನ್ನುತ್ತಿದ್ದರು. ನನ್ನ ತಟ್ಟೆ ಹಿಡಿದು ಹೋಗಿ ಪಕ್ಕದಲ್ಲಿ ಕೂತೆ.

"ನೀವು ಬರೋಬ್ಬರಿ ಹೇಳಿದ್ರಿ. ತಪ್ಪು ನನ್ನ ಕಿವೀದು. ಈ ಕಡೀದು ಕೇಳೂದಿಲ್ಲ ನನಗ."

"ಗೊತ್ತಮ್ಮ," ಎಂದರು. "ಒಂದು ತಿಂಗಳಿಂದ ನಾನು ನಿಮ್ಮ ಬಲಗಡೆನೇ ನಿಲ್ತಿದ್ದೀನಿ. ಇವತ್ತು ಆ ಕಡೆ ಲೈಟ್ ಇಟ್ಟುಬಿಟ್ಟಿದ್ರು."

ನಾನು ಬಹಳ ಜಾಣತನದಿಂದ ಮುಚ್ಚಿಟ್ಟಿದ್ದೇನೆ ಎಂದುಕೊಂಡಿದ್ದೆ!

"ಮತ್ಯಾಕ ಬೈಸಿಕೊಂಡ್ರಿ?"

"ನನ್ನನ್ನ ಬೈದದ್ದು ಅವರಿಗೆ ನಾಳೆ ನೆನಪಿರಲ್ಲ. ನಿಮ್ಮ ಕಿವಿ ವಿಷಯ ಗೊತ್ತಾದ್ರೆ ಮರೆಯಲ್ಲ."

ತಟ್ಟೆ ಇಟ್ಟು ನೇರ ನಿರ್ದೇಶಕರ ಬಳಿ ಹೋದೆ. ಧೈರ್ಯದಿಂದ ಹೋದೆ ಎಂದರೆ ಸುಳ್ಳಾಗುತ್ತದೆ. ಆ ಹೆಂಗಸಿನ ಎದುರು ಕೂತಿರಲಾಗದೆ ಹೋದೆ. ಎಲ್ಲವನ್ನೂ ಹೇಳಿದೆ.

ಅವರು ಪೂರ್ತಿ ಕೇಳಿಸಿಕೊಂಡರು. "ಇದು ನಾ ಒಬ್ಬಾಂವ ಮುಗಿಸೋ ವಿಚಾರ ಅಲ್ಲರಿ ಅಕ್ಕಾರ. ಚಾನೆಲ್‌ನವರ ಜೋಡಿ ಮಾತಾಡಬೇಕು. ಎರಡು ದಿನ ಮನ್ಯಾಗ ಇರ್ರಿ, ಫೋನ್ ಮಾಡ್ತೇನಿ."

ಎರಡು ದಿನ ನಾಲ್ಕಾಯಿತು. ರಿಂಗ್ ಕೇಳಿಸದಿದ್ದರೆ ಎಂದು ಫೋನನ್ನು ಮಡಿಲಲ್ಲೇ ಇಟ್ಟುಕೊಂಡು ಹೊಲಿಗೆಗೆ ಕೂರುತ್ತಿದ್ದೆ. ಪಕ್ಕದ ಮನೆಯವರ ಜಂಪರಿಗೆ ಎರಡೂ ಎಡಗೈ ತೋಳನ್ನೇ ಕತ್ತರಿಸಿಬಿಟ್ಟೆ. ಐದನೆಯ ದಿನ ನನ್ನ ಮಗನ ಪಾತ್ರ ಮಾಡುವ ಹುಡುಗ ಫೋನ್ ಮಾಡಿದ.

"ಆರಾಮ ಅದೀರೇನ್ರಿ ಅವ್ವಾರ? ಇವತ್ತ ನನ್ನ ಡೈಲಾಗಿನ್ಯಾಗ 'ಅವ್ವ ತವರಿಗೆ ಹೋಗ್ಯಾಳ' ಅಂತ ಬರದಾರ್ರಿ, ಅದಕ್ಕ ಕೇಳಿದೆ."

ಧಾರಾವಾಹಿಯಲ್ಲಿ ಹಾಗೆ ಊರಿಗೆ ಹೋದ ಎಷ್ಟೋ ಜನ ತಿರುಗಿ ಬಂದಿಲ್ಲ. ಗಂಡನಿಗೆ ಹೇಳಿದೆ. ಅವರು ಈ ಸಲ ನಗಲಿಲ್ಲ. ಡಬ್ಬಿ ತೆರೆದು, ಮಷೀನಿಗೆ ಸೆಲ್ ಹಾಕಿ, ತಾವೇ ನನ್ನ ಕಿವಿಗೆ ಕೂರಿಸಿ, "ಮೊದಲ ಇದನ್ನ ರೂಢಿ ಮಾಡ್ಕೋ. ಅವರು ಕರೀಲಿ, ಬಿಡ್ಲಿ" ಎಂದರು.

ಆರನೆಯ ದಿನ ನಿರ್ದೇಶಕರ ಫೋನ್ ಬಂತು. "ನಾಳೆ ಕಾರು ಬರ್ತೈತ್ರಿ ಅಕ್ಕಾರ. ಮಷೀನ್ ಹಾಕ್ಕೊಂಡ ಬರ್ರಿ. ತಲಿ ತುಂಬ ಸೆರಗು ಹೊದ್ಕೊಂಡ್ರ ಕಾಣೂದಿಲ್ಲ. ತವರಿಂದ ಬಂದ ಮ್ಯಾಲೆ ಅವ್ವಗ ಭಕ್ತಿ ಹೆಚ್ಚಾಗೇತಿ ಅಂತ ಬರಸೇವಿ."

ಹೋದೆ. ಮೊದಲ ದಿನ ಬಳೆಯ ಸದ್ದು, ಜನರೇಟರಿನ ಗುಂಯ್, ಯಾರದೋ ಚಪ್ಪಲಿ ಎಲ್ಲವೂ ತಲೆಯೊಳಗೇ ನಡೆದಂತಾಗಿ ಸಾಲುಗಳು ಮತ್ತೆ ತಪ್ಪಿದವು. ವಾರದಲ್ಲಿ ಹೊಂದಿಕೊಂಡೆ. ನಿರ್ದೇಶಕರು ಒಂದು ಬೆಳಿಗ್ಗೆ ಎಲ್ಲರೆದುರು ಸಹ ನಿರ್ದೇಶಕಿಗೆ, "ಅವತ್ತ ನಾ ಸುಮ್ನ ಒದರಿದೆ, ಮನಸಿನ್ಯಾಗ ಇಟ್ಕೋಬ್ಯಾಡ್ರಿ" ಎಂದರು. ಒಂದು ವರ್ಷ ಹಾಗೇ ನಡೆಯಿತು. ನನ್ನ ದೃಶ್ಯಗಳು ಕಡಿಮೆಯಾದವು ನಿಜ, ನಿಲ್ಲಲಿಲ್ಲ. ಆಮೇಲೆ ಧಾರಾವಾಹಿಯೇ ಮುಗಿಯಿತು.

ಕಳೆದ ತಿಂಗಳು ಹೊಸದೊಂದರ ಆಡಿಷನ್ನಿಗೆ ಹೋಗಿದ್ದೆ. ಹೆಸರು, ವಯಸ್ಸು ಹೇಳಿದೆ. ಬಲಗೆನ್ನೆ ತೋರಿಸಿ ಎಂದರು, ತೋರಿಸಿದೆ. ಆಮೇಲೆ ಎಡಗೆನ್ನೆ ತೋರಿಸಿ ಎಂದರು. ಅಂದು ತಲೆಯ ಮೇಲೆ ಸೆರಗಿರಲಿಲ್ಲ. ಮಷೀನ್ ಕಾಣುವಂತೆಯೇ ನಿಂತೆ. ಕ್ಯಾಮೆರಾದ ಹಿಂದಿನ ಹುಡುಗಿ ಏನೋ ಬರೆದುಕೊಂಡಳು. ಏನು ಬರೆದಳೋ ಗೊತ್ತಾಗಲಿಲ್ಲ, ಕೇಳುವ ಧೈರ್ಯವೂ ಆಗಲಿಲ್ಲ. ತಿಳಿಸುತ್ತೇವೆ ಎಂದಿದ್ದಾರೆ. ಇನ್ನೂ ತಿಳಿಸಿಲ್ಲ.