ಒಬ್ಬರೇ ಓದುಗರಿಗೆ ಐದು ಜಾಹೀರಾತು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಡುಗೆಮನೆಯ ಕಿಟಕಿಯ ಪಕ್ಕ ಒಂದು ಸ್ಟೂಲು, ಸ್ಟೂಲಿನ ಮೇಲೆ ಒಗೆದ ಬಿಳಿ ಟವೆಲು, ಟವೆಲಿನ ಮೇಲೆ ಮನೆಯ ಹಳೆಯ ಕಪ್ಪು ಛತ್ರಿ ಅರ್ಧ ಬಿಚ್ಚಿಕೊಂಡು ಮಲಗಿದೆ. ಬಿರುಕು ಬಿಟ್ಟ ಅದರ ಹಿಡಿಗೆ ಕೆಂಪು ದಾರ ಸುತ್ತಿದೆ. ಸೊಸೆ ಮೊಬೈಲು ಹಿಡಿದು ಒಮ್ಮೆ ಬಗ್ಗುತ್ತಾರೆ, ಒಮ್ಮೆ ತುದಿಗಾಲಲ್ಲಿ ನಿಲ್ಲುತ್ತಾರೆ. ಫೋಟೊ ಮನಸ್ಸಿಗೆ ಬಂದ ಮೇಲೆ ಲ್ಯಾಪ್‌ಟಾಪಿಗೆ ಹಾಕಿಕೊಂಡು ಕೆಳಗೆ ದಪ್ಪ ಅಕ್ಷರದಲ್ಲಿ ಬರೆಯುತ್ತಾರೆ: ‘ಗಾಳಿಗೆ ಬಗ್ಗದ, ಬಿಸಿಲಿಗೆ ಮಾಸದ ಛತ್ರಿ! ಇಲ್ಲಿ ಒತ್ತಿ.’

ಛತ್ರಿ ಮಾರಾಟಕ್ಕಿಲ್ಲ. ಅದನ್ನು ಮಾರುವ ಅಂಗಡಿಯೂ ಇಲ್ಲ. ಇದು ಇವತ್ತಿನ ಐದು ಜಾಹೀರಾತುಗಳಲ್ಲಿ ಮೊದಲನೆಯದು. ಐದನ್ನೂ ನೋಡುವವರು ಈ ಭೂಮಿಯ ಮೇಲೆ ಒಬ್ಬರೇ, ಅವರು ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದಾರೆ. ಈ ಕೆಲಸಕ್ಕೆ ಚಿಕ್ಕಾಸೂ ಹುಟ್ಟುವುದಿಲ್ಲ. ಆದರೂ ಸೊಸೆ ದಿನಾ ಇದನ್ನು ಮುಗಿಸಿಯೇ ದುಡ್ಡು ಬರುವ ಕೆಲಸಕ್ಕೆ ಕೈ ಹಾಕುವುದು.

ದುಡ್ಡು ಬರುವ ಕೆಲಸ ಎಂದರೆ ಬ್ಲಾಗು. ಅದರ ಹೆಸರು ‘ಹಾಸಿಗೆ ಪಕ್ಕ’. ಹಾಸಿಗೆ ಹಿಡಿದವರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೆ ಏನೇನು ಬೇಕು, ಯಾವುದು ಬಾಳಿಕೆ ಬರುತ್ತದೆ, ಯಾವುದನ್ನು ದೂರದಿಂದಲೇ ನೋಡಿ ಕೈ ಮುಗಿಯಬೇಕು ಎಂದು ಅದರಲ್ಲಿ ಬರೆಯುತ್ತಾರೆ. ಗಾಳಿ ತುಂಬುವ ಹಾಸಿಗೆ, ಬೆನ್ನಿಗೆ ಕೊಡುವ ದಿಂಬು, ಮಲಗಿದ್ದಲ್ಲೇ ನೀರು ಕುಡಿಯುವ ಮೂತಿಯ ಲೋಟ, ಮಂಚಕ್ಕೆ ಸಿಕ್ಕಿಸುವ ಕಂಬಿ, ಹೀಗೆ. ಬರಹದ ಕೆಳಗೆ ‘ಸೊಸೆ’ ಎಂದಷ್ಟೇ ಸಹಿ. ದಿನಕ್ಕೆ ಎರಡು ಸಾವಿರದಷ್ಟು ಜನ ಬಂದು ಓದುತ್ತಾರೆ. ಅವರಲ್ಲಿ ಯಾರಿಗೂ ಈ ಸೊಸೆಯ ಮುಖ ಗೊತ್ತಿಲ್ಲ. ಬೀದಿಯಲ್ಲಿ ಎದುರಾಗುವವರಿಗೆ ಮುಖ ಗೊತ್ತಿದೆ, ಬ್ಲಾಗು ಗೊತ್ತಿಲ್ಲ.

ಆದಾಯ ಎರಡು ದಾರಿಯಲ್ಲಿ ಬರುತ್ತದೆ. ಪುಟದ ನಡುನಡುವೆ ಒಂದು ಜಾಹೀರಾತು ಕಂಪನಿ ತನ್ನ ಜಾಹೀರಾತುಗಳನ್ನು ತೋರಿಸುತ್ತದೆ. ಓದುಗರು ನೋಡಿದ್ದಕ್ಕೆ, ಒತ್ತಿದ್ದಕ್ಕೆ ಇಷ್ಟು ಎಂದು ಲೆಕ್ಕ. ಇನ್ನೊಂದು, ಬರಹದೊಳಗಿನ ಲಿಂಕು. ಅದನ್ನು ಹಿಡಿದು ಹೋಗಿ ಯಾರಾದರೂ ದಿಂಬು ಕೊಂಡರೆ ಅಂಗಡಿಯವರು ಸೊಸೆಗೆ ಒಂದಿಷ್ಟು ಕಮಿಷನ್ ಕೊಡುತ್ತಾರೆ. ‘ನೀವು ಕೊಂಡರೆ ನನಗೂ ಸ್ವಲ್ಪ ಬರುತ್ತದೆ, ಬೇಡವಾದರೆ ಕೊಳ್ಳಬೇಡಿ’ ಎಂದು ಪ್ರತಿ ಪುಟದ ತಲೆಯಲ್ಲೇ ಬರೆದಿದ್ದಾರೆ.

ಮೊದಲ ವರ್ಷ ಬಂದ ಹಣಕ್ಕೆ ಒಂದು ಜೊತೆ ಚಪ್ಪಲಿ ಬರುತ್ತಿತ್ತು, ಅದೂ ಚೌಕಾಸಿ ಮಾಡಿದರೆ. ಈಗ ಮನೆ ಬಾಡಿಗೆ ಅದರಿಂದಲೇ ಹೋಗುತ್ತದೆ. ಮಧ್ಯಾಹ್ನ ಬಂದು ಅತ್ತೆಯನ್ನು ಎತ್ತಿ ಸ್ನಾನ ಮಾಡಿಸಲು ಕೈಜೋಡಿಸುವ ಆಯಾಳ ಸಂಬಳವೂ ಅದರಿಂದಲೇ. ಸಿಟಿ ಬಸ್ಸು ಓಡಿಸುವ ಗಂಡನ ಸಂಬಳ ಔಷಧಿಗೆ, ಊಟಕ್ಕೆ ಸರಿಹೋಗುತ್ತದೆ.

“ಮನೇಲೇ ಕೂತು ದುಡೀತೀಯಲ್ಲ, ನಿನಗೇನಮ್ಮ ಅಂತಾರೆ ಜನ,” ಎಂದು ಸೊಸೆ, ಮಾತಾಡಿಸಲು ಪತ್ರಿಕೆಯಿಂದ ಬಂದಾಕೆಯ ಎದುರು ನಗುತ್ತಾರೆ. “ಕೂರೋದು ಎಲ್ಲಿಂದ ಬಂತು? ಒಂದು ಸಾಲು ಬರೆಯೋಷ್ಟರಲ್ಲಿ ಮೂರು ಸಲ ಏಳ್ತೀನಿ.”

ಉತ್ಪ್ರೇಕ್ಷೆಯಲ್ಲ. ಮಾತು ಮುಗಿಯುವ ಮೊದಲೇ ಒಳಗಿನಿಂದ ಕರೆ ಬರುತ್ತದೆ. ಅತ್ತೆಗೆ ಎಚ್ಚರವಾಗಿದೆ. ಸೊಸೆ ಹೋಗಿ ಒಂದು ಕೈ ಹೆಗಲ ಕೆಳಗೆ, ಒಂದು ಕೈ ಸೊಂಟದ ಕೆಳಗೆ ಕೊಟ್ಟು ಅವರನ್ನು ಮಗ್ಗುಲಿಗೆ ಹೊರಳಿಸುತ್ತಾರೆ, ಬೆನ್ನು ಒರೆಸುತ್ತಾರೆ, ಕೆಂಪಗಾಗಿದೆಯೇ ಎಂದು ಬೆರಳಿನಿಂದ ಒತ್ತಿ ನೋಡುತ್ತಾರೆ. ಅತ್ತೆ, ನಿನ್ನ ಕೈ ತಣ್ಣಗಿದೆ ಎಂದು ಗೊಣಗುತ್ತಾರೆ. ನಿನ್ನೆ ಬಿಸಿಯಾಗಿದೆ ಎಂದು ಗೊಣಗಿದ್ದರಂತೆ.

ನಾಲ್ಕು ವರ್ಷದ ಹಿಂದೆ ಅತ್ತೆ ಬಚ್ಚಲಿನಲ್ಲಿ ಜಾರಿ ಬಿದ್ದರು. ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು. ಅದುವರೆಗೂ ಬಸ್ ನಿಲ್ದಾಣದ ಬಾಯಲ್ಲಿ ಹಣ್ಣಿನ ಅಂಗಡಿ ಇಟ್ಟುಕೊಂಡಿದ್ದವರು, ಗಂಡ ತೀರಿಕೊಂಡ ಮೇಲೆ ಮಗನನ್ನು ಒಬ್ಬರೇ ದುಡಿದು ಸಾಕಿದವರು, ಕೂತು ತಿಂದವರಲ್ಲ. ಸೊಸೆ ಆಗ ಔಷಧಿ ಅಂಗಡಿಯ ಕೌಂಟರಿನಲ್ಲಿದ್ದರು. ಕೆಲಸ ಬಿಟ್ಟರು. ಮಂಚಕ್ಕಿಂತ ಅಗಲವಾದ ಹಾಸಿಗೆ, ಕತ್ತಿನೊಳಗೆಲ್ಲ ಚೆಲ್ಲುವ ಲೋಟ, ತಿಂಗಳಿಗೇ ಗಾಳಿ ಬಿಟ್ಟ ದಿಂಬು ಎಂದು ಕೈಲಿದ್ದುದನ್ನೆಲ್ಲ ಸುರಿದರು. ಸಿಟ್ಟಿಗೆ ಒಂದು ದಿನ ಬರೆಯಲು ಶುರು ಮಾಡಿದರು. ತಮಗಾದ ಪಾಡು ಇನ್ನೊಬ್ಬರಿಗೆ ಆಗದಿರಲಿ ಎಂದು ಬರೆದೆ ಎನ್ನಲು ಅವರು ತಯಾರಿಲ್ಲ. ಅಂಗಡಿಯವನಿಗೆ ಬೈಯಬೇಕಿತ್ತು, ಅವನು ಫೋನು ಎತ್ತಲಿಲ್ಲ, ಅಷ್ಟೇ ಎನ್ನುತ್ತಾರೆ.

ಬ್ಲಾಗಿನ ನಿಜವಾದ ಬಂಡವಾಳ ಅತ್ತೆಯ ನಾಲಿಗೆ. ಮನೆಗೆ ಬಂದ ಸಾಮಾನನ್ನು ಮೊದಲು ಅವರ ಮೇಲೆ ಪ್ರಯೋಗಿಸಿ, ಆಮೇಲೆ ಬರೆಯುವುದು. ಪ್ರತಿ ಬರಹದ ಕೊನೆಗೆ ‘ಅತ್ತೆಯ ಮಾತು’ ಎಂಬ ಒಂದು ಸಾಲು. ಒಂದು ಮೂತಿಯ ಲೋಟಕ್ಕೆ ಅವರು ಕೊಟ್ಟ ಸರ್ಟಿಫಿಕೇಟು: ‘ಮೂತಿ ಉದ್ದ, ಬುದ್ಧಿ ಕಮ್ಮಿ.’ ಗಾಳಿ ಹಾಸಿಗೆಗೆ: ‘ಮಲಗಿದ್ದು ನಾನು, ರಾತ್ರಿಯೆಲ್ಲ ಉಸಿರು ಬಿಟ್ಟಿದ್ದು ಅದು.’ ಆ ಹಾಸಿಗೆಯ ಕಂಪನಿಯವರು ಸಾಲು ತೆಗೆದರೆ ಕಮಿಷನ್ ಹೆಚ್ಚಿಸುತ್ತೇವೆ ಎಂದರು. ಸೊಸೆ ತೆಗೆಯಲಿಲ್ಲ. ಜನ ಬರುವುದೇ ಆ ಸಾಲಿಗೆ ಎಂದು ಅವರಿಗೆ ಚೆನ್ನಾಗಿ ಗೊತ್ತು.

ಅತ್ತೆಗೂ ಗೊತ್ತು. ಆದರೆ ಸೊಸೆಯ ಎದುರು ಬ್ಲಾಗನ್ನು ಅವರು ಹೊಗಳಿದ್ದಿಲ್ಲ. ಅದೇನು ಕೆಲಸವೋ, ಕೀ ಕುಟ್ಟಿದರೆ ದುಡ್ಡು ಉದುರುತ್ತದಂತೆ ಎಂದು ಮೂಗು ಮುರಿಯುತ್ತಲೇ ದಿನಾ ತಮ್ಮ ಮೊಬೈಲಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡು ಒಂದೂ ಬಿಡದೆ ಓದುತ್ತಿದ್ದರು.

ಕಳೆದ ವರ್ಷ ಒಂದು ಬೆಳಿಗ್ಗೆ ಜಾಹೀರಾತು ಕಂಪನಿಯಿಂದ ಪತ್ರ ಬಂತು. ನಿಮ್ಮ ಪುಟದ ಜಾಹೀರಾತುಗಳನ್ನು ಒಂದೇ ಕಡೆಯಿಂದ, ಬೇಕೆಂದೇ, ಮತ್ತೆ ಮತ್ತೆ ಒತ್ತಲಾಗಿದೆ, ಇದು ಮೋಸ, ಖಾತೆ ಮುಚ್ಚಿದ್ದೇವೆ ಎಂದು. ಈ ದಂಧೆಯಲ್ಲಿ ಇದಕ್ಕಿಂತ ದೊಡ್ಡ ಅಪರಾಧವಿಲ್ಲ. ಬ್ಲಾಗಿನವರು ತಮ್ಮ ಪುಟದ ಜಾಹೀರಾತನ್ನು ತಾವೂ ಒತ್ತುವಂತಿಲ್ಲ, ಮನೆಯವರಿಂದಲೂ ಒತ್ತಿಸುವಂತಿಲ್ಲ. ಆಯಾಳ ಸಂಬಳಕ್ಕೆ ಏನು ಮಾಡುವುದೆಂದು ಸೊಸೆ ತಲೆಯ ಮೇಲೆ ಕೈ ಹೊತ್ತು ಕೂತರು. ಯಾರೋ ಹೊಟ್ಟೆಕಿಚ್ಚಿನವರ ಕೆಲಸ ಎಂದುಕೊಂಡರು. ಗಂಡನನ್ನು ಕೇಳಿದರು. ಅವರು ಸ್ಟೀರಿಂಗ್ ಮುಟ್ಟಿದ ಕೈಯಾಣೆ, ನಾನಲ್ಲ ಎಂದರು.

ಎರಡು ದಿನ ಕಳೆದ ಮೇಲೆ ಚಾದರ ಬದಲಿಸುವಾಗ ಅತ್ತೆಯ ದಿಂಬಿನ ಕೆಳಗಿನ ಮೊಬೈಲು ಸೊಸೆಯ ಕೈಗೆ ಸಿಕ್ಕಿತು. ತೆರೆದ ಪುಟಗಳು ಒಂದರ ಮೇಲೊಂದು. ಬೈಕಿನ ಹೆಲ್ಮೆಟ್ಟು. ಮದುಮಗನ ಸೂಟು. ಲಾರಿಯ ಟೈರು. ಗಡ್ಡ ಬೆಳೆಸುವ ಎಣ್ಣೆ. ಈಜು ಕಲಿಸುವ ತರಗತಿಯನ್ನೂ ಬಿಟ್ಟಿರಲಿಲ್ಲ.

“ಕೋಪ ಬರ್ಬೇಕಿತ್ತು,” ಎನ್ನುತ್ತಾರೆ ಸೊಸೆ. “ಈಜು ಕಲಿಯೋ ಜಾಹೀರಾತು ನೋಡಿದ ಮೇಲೆ ಕೋಪ ಎಲ್ಲಿಂದ ಬರುತ್ತೆ ಹೇಳಿ.”

ಆಗಿದ್ದಿಷ್ಟು. ಎದುರುಮನೆಯ ದರ್ಜಿ ಹೆಂಗಸು ಬಟ್ಟೆ ಅಳತೆಗೆ ಬಂದಾಗ, ಜಾಹೀರಾತು ಒತ್ತಿದಷ್ಟೂ ಬ್ಲಾಗಿನವರಿಗೆ ದುಡ್ಡು ಎಂದು ಮಾತಿಗೆ ಹೇಳಿದ್ದರು. ಅತ್ತೆ ಅದನ್ನು ಕಿವಿಗೆ ಹಾಕಿಕೊಂಡರು. ಅಂದಿನಿಂದ ಸೊಸೆ ಅಡುಗೆಮನೆಗೆ ಹೋದಾಗಲೆಲ್ಲ ತುಟಿ ಪಿಟಕ್ಕೆನ್ನದೆ ಒತ್ತಿದ್ದೇ ಒತ್ತಿದ್ದು.

ಅಮ್ಮನಿಗೆ ಹೇಳಿಬಿಡು ಎಂದರು ಗಂಡ. ಹೇಳಲೆಂದೇ ಸೊಸೆ ಕೋಣೆಯ ಬಾಗಿಲವರೆಗೆ ಹೋದರು. ಒಳಗೆ ಅತ್ತೆ ಅದೇ ದರ್ಜಿ ಹೆಂಗಸಿಗೆ ಹೇಳುತ್ತಿದ್ದ ಮಾತು ಕಿವಿಗೆ ಬಿತ್ತು: “ಬಿದ್ದುಕೊಂಡು ತಿಂತಾಳೆ ಅಂತ ಯಾರೂ ಅನ್ನೋ ಹಾಗಿಲ್ಲ ಕಣೇ. ಈ ಮನೇಲಿ ನಾನೂ ದುಡೀತೀನಿ.” ಸೊಸೆ ಬಂದ ದಾರಿಗೆ ಸುಂಕವಿಲ್ಲದೆ ಹಿಂದಿರುಗಿದರು.

ಕಂಪನಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದರು. ಹಾಸಿಗೆ ಹಿಡಿದ ಅತ್ತೆ, ಪ್ರೀತಿಗೆ ಮಾಡಿದ್ದು, ನಮಗೆ ತಿಳಿದಿರಲಿಲ್ಲ ಎಂದು. ಎರಡು ತಿಂಗಳು ಉತ್ತರವಿಲ್ಲ. ಲಿಂಕಿನ ಕಮಿಷನ್ ಬಾಡಿಗೆಗೆ ಸಾಲಲಿಲ್ಲ. ಆಯಾಳನ್ನು ಬಿಡಿಸಿ, ಸೊಸೆ ಒಬ್ಬರೇ ಎತ್ತಿ ಇಳಿಸಿ ಬೆನ್ನು ಹಿಡಿಸಿಕೊಂಡರು. ಆಯಾ ಊರಿಗೆ ಹೋಗಿದ್ದಾಳೆ ಎಂದು ಅತ್ತೆಗೆ ಸುಳ್ಳು ಹೇಳಿದರು. ಕೊನೆಗೆ ಖಾತೆ ತೆರೆಯಿತು, ಜೊತೆಗೆ ಎಚ್ಚರಿಕೆಯೂ ಬಂತು: ಇನ್ನೊಮ್ಮೆ ಹೀಗಾದರೆ ಮುಚ್ಚಿದ ಬಾಗಿಲು ಮತ್ತೆ ತೆರೆಯುವುದಿಲ್ಲ.

ಎಂದರೆ, ನಿಜವಾದ ಜಾಹೀರಾತು ಅತ್ತೆಯ ಬೆರಳಿಗೆ ಸಿಗಕೂಡದು. ಅವರ ದುಡಿಮೆಯೂ ನಿಲ್ಲಕೂಡದು. ಸೊಸೆ ಅತ್ತೆಯ ಮೊಬೈಲಿಗೆಂದೇ ಬ್ಲಾಗಿನ ಬೇರೆಯೇ ಒಂದು ಪ್ರತಿ ಮಾಡಿದರು. ಬರಹ ಅದೇ, ಜಾಹೀರಾತು ಮಾತ್ರ ಮನೆಯಲ್ಲಿ ತಯಾರಾದದ್ದು. ಮೊದಲ ದಿನ ಒತ್ತಿದರೆ ಏನೂ ತೆರೆಯುತ್ತಿರಲಿಲ್ಲ. ನಿನ್ನ ಅಂಗಡಿ ಕದ ತೆಗೆಯುತ್ತಿಲ್ಲ ಎಂದು ಅತ್ತೆ ತಕರಾರು ತೆಗೆದರು. ಒತ್ತಿದರೆ ‘ಧನ್ಯವಾದ’ ಎಂದು ತೋರಿಸುವ ಪುಟ ಬಂತು. ಆಮೇಲೆ ದಿನಾ ಅದೇ ಚಿತ್ರಗಳು ಎಂಬ ದೂರು. “ಹಳೇ ಮಾಲು ಮುಂದೆ ಇಟ್ರೆ ಗಿರಾಕಿ ನಿಲ್ತಾನಾ?” ಎಂದು ಕೇಳಿದರಂತೆ. ಹಣ್ಣು ಮಾರಿದವರ ಪ್ರಶ್ನೆ. ಅಂದಿನಿಂದ ದಿನಾ ಹೊಸ ಮಾಲು.

ಬೇರೆಯವರ ಚಿತ್ರ ಕದಿಯುವುದು ಸೊಸೆಗೆ ಸರಿಬೀಳದು. ಹಾಗಾಗಿ ಮನೆಯ ಸಾಮಾನುಗಳಿಗೇ ಒಂದೊಂದಾಗಿ ಜಾಹೀರಾತಿನ ಭಾಗ್ಯ. ಕೆಟಲ್ಲು, ಗೋಡೆ ಗಡಿಯಾರ, ಗಂಡನ ಬೂಟು ಎಲ್ಲ ಆಗಿವೆ. ಇವತ್ತು ಛತ್ರಿಯ ಸರದಿ. ಸಂಜೆ ಅತ್ತೆ ಇವತ್ತಿನ ವ್ಯಾಪಾರ ಹೇಗೆ ಎಂದು ಕೇಳುತ್ತಾರೆ, ಚೆನ್ನಾಗಿದೆ ಎಂದು ಸೊಸೆ ಹೇಳುತ್ತಾರೆ.

ಇದೆಲ್ಲ ಅಚ್ಚಾದರೆ ಅತ್ತೆಗೆ ತಿಳಿಯುವುದಿಲ್ಲವೇ ಎಂದು ಪತ್ರಿಕೆಯಿಂದ ಬಂದಾಕೆ ಪಿಸುದನಿಯಲ್ಲಿ ಕೇಳುತ್ತಾರೆ. ಸೊಸೆ ಇಲ್ಲ ಎಂದು ತಲೆಯಾಡಿಸುತ್ತಾರೆ. ಪೇಪರಿನ ಅಕ್ಷರ ಸಣ್ಣದು, ಅತ್ತೆ ಅದನ್ನು ಮುಟ್ಟುವುದಿಲ್ಲ, ಓದಿ ಹೇಳುವ ದರ್ಜಿ ಹೆಂಗಸಿನ ಬಾಯಿಗೆ ಮೊದಲೇ ಬೀಗ ಹಾಕಿಸಿದ್ದಾಗಿದೆ. ನಿಮಗೆ ಏನಾಗಬೇಕು ಎಂದರೆ, “ಖಾತೆ ಹೀಗೇ ನಡೆದ್ರೆ ಸಾಕು. ಆಯಾ ಮತ್ತೆ ಬಂದಿದ್ದಾಳೆ. ಅವಳನ್ನ ಇನ್ನೊಂದ್ಸಲ ಬಿಡಿಸೋ ಹಾಗಾಗ್ಬಾರ್ದು,” ಎನ್ನುತ್ತಾರೆ.

ಹೊತ್ತೇರುವಾಗ ಬಾಗಿಲ ಗಂಟೆ ಸದ್ದು ಮಾಡುತ್ತದೆ. ಹೊಸ ದಿಂಬಿನ ಪಾರ್ಸೆಲ್ಲು. ಸೊಸೆ ಸಹಿ ಹಾಕಲು ಕೆಳಗಿಳಿಯುತ್ತಾರೆ. ಮೆಟ್ಟಿಲ ಮೇಲೆ ಅವರ ಚಪ್ಪಲಿ ಸದ್ದು ದೂರವಾದ ಮೇಲೆ, ಅತ್ತೆ ಮಲಗಿದಲ್ಲಿಂದಲೇ ಪತ್ರಿಕೆಯಾಕೆಯನ್ನು ಬೆರಳಲ್ಲಿ ಹತ್ತಿರ ಕರೆದು ಮೊಬೈಲು ತೋರಿಸುತ್ತಾರೆ. ಪರದೆಯ ಮೇಲೆ ಗಾಳಿಗೆ ಬಗ್ಗದ ಛತ್ರಿ.

“ಈ ಛತ್ರಿ ನಮ್ಮ ಬಾಗಿಲ ಹಿಂದಿಂದು ಕಣಮ್ಮ. ಹಿಡಿಗೆ ದಾರ ಸುತ್ತಿದ್ದು ನಾನು. ನಾನು ಹಾಕಿದ ಗಂಟು ನನಗೆ ಗೊತ್ತಾಗಲ್ವಾ?”

ಅವರಿಗೆ ಕೆಟಲ್ಲಿನ ದಿನವೇ ಗೊತ್ತಾಗಿತ್ತಂತೆ. ಆಯಾ ಯಾಕೆ ಬರುವುದನ್ನು ಬಿಟ್ಟಿದ್ದಳು ಎಂಬುದನ್ನೂ ಒಂದು ದಿನ ಅವಳ ಬಾಯಿಂದಲೇ ಹೊರಡಿಸಿದ್ದಾರೆ. ಮತ್ತೆ ದಿನಾ ಒತ್ತುವುದು ಯಾಕೆ ಎಂದರೆ, ಇದೂ ಕೇಳುವ ಮಾತೇ ಎಂಬಂತೆ ನೋಡುತ್ತಾರೆ.

“ಅಷ್ಟು ಬೆಳಿಗ್ಗೆ ಎದ್ದು ಮಾಡ್ತಾಳೆ. ಒತ್ತದೆ ಇದ್ರೆ ಅವಳಿಗೆ ಬೇಜಾರಾಗಲ್ವಾ?”

ಹಾಗಾದರೆ ಇದನ್ನು ಬರೆಯುವುದು ಬೇಡವಲ್ಲವೇ ಎಂದು ಬಂದಾಕೆ ಪೆನ್ನು ಮುಚ್ಚುತ್ತಾರೆ. ಕೆಳಗೆ ಗೇಟು ಹಾಕಿದ ಸದ್ದು. ಚಪ್ಪಲಿ ಮೆಟ್ಟಿಲು ಹತ್ತುತ್ತಿದೆ. ಅತ್ತೆ ದನಿ ತಗ್ಗಿಸುತ್ತಾರೆ.

“ಬರಿಯಮ್ಮ. ನಾನೇ ಹೇಳಿದ್ರೆ ಅಳ್ತಾ ಕೂರ್ತಾಳೆ, ಅದು ನನ್ನ ಕೈಲಿ ನೋಡಕ್ಕಾಗಲ್ಲ. ಪೇಪರಲ್ಲಾದ್ರೆ ಅವಳೊಬ್ಬಳೇ ಓದ್ಕೋತಾಳೆ. ಮಾರನೇ ದಿನದಿಂದ ಬೆಳಿಗ್ಗೆ ಇನ್ನೊಂದು ಗಳಿಗೆ ಮಲಗ್ಲಿ.”