ಹಾಡಿಗೆ ಮುಂಚಿನ ಮಾತು

ಮೆಟ್ಟಿಲು ಹತ್ತುವಾಗ ಮಾತಿನಕ್ಕ ದಿನವೂ ಒಂದೇ ಮಾತು ಹೇಳಿಕೊಳ್ಳುತ್ತಿದ್ದಳು: ‘ಇವತ್ತಿಗೆ ಸಾಕು, ನಾಳೆಯಿಂದ ಬರಲ್ಲ.’ ಮರುದಿನ ಮತ್ತೆ ಹತ್ತುತ್ತಿದ್ದಳು. ಕೆಳಗೆ ಪಂಕ್ಚರ್ ಅಂಗಡಿ, ಅದರ ಮೇಲೆ ಹಲ್ಲಿನ ಡಾಕ್ಟರು, ಅದರ ಮೇಲೆ ಬಟ್ಟೆ ಗೋದಾಮು, ಎಲ್ಲಕ್ಕಿಂತ ಮೇಲೆ ರೇಡಿಯೋ ಸ್ಟೇಷನ್. ಕಣ್ಣು ಕಟ್ಟಿ ಬಿಟ್ಟರೂ ಯಾವ ಮಹಡಿಗೆ ಬಂದಿದ್ದೇನೆಂದು ಅವಳ ಮೂಗೇ ಹೇಳುತ್ತಿತ್ತು. ಲಿಫ್ಟ್ ಇದೆ ಎಂದು ಗೋಡೆಯ ಮೇಲೆ ಬಾಣದ ಗುರುತು ಹಾಕಿ ಬರೆದಿದ್ದಾರೆ. ಬರೆದಿದ್ದಾರೆ, ಅಷ್ಟೇ.

ಅವಳ ಕೆಲಸ ಹೊಸಬರ ಹಾಡನ್ನು ಪರಿಚಯಿಸುವುದು. ಹೊಸಬರೆಂದರೆ ಬೆನ್ನಿಗೆ ಯಾವ ಹಾಡಿನ ಕಂಪನಿಯೂ ಇಲ್ಲದವರು, ಕೇಳಿದವರಿಗೆಲ್ಲ ‘ನಮ್ಮದೇ ಹಾಡು, ನಾವೇ ಮಾಡಿದ್ದು’ ಎನ್ನುವವರು, ಬಟ್ಟೆ ಬೀರುವಿನೊಳಗೆ ತಲೆ ತೂರಿಸಿಕೊಂಡು ರೆಕಾರ್ಡಿಂಗ್ ಮುಗಿಸುವವರು. ಮಧ್ಯಾಹ್ನ ಊಟದ ಹೊತ್ತಿಗೆ ಅವರ ಹಾಡು ರೇಡಿಯೋದಲ್ಲಿ, ಅದರ ವಿಡಿಯೋ ಸ್ಟೇಷನ್ನಿನ ಇಂಟರ್ನೆಟ್ ಪೇಜಿನಲ್ಲಿ. ಎರಡಕ್ಕೂ ಮುಂಚೆ ಇವಳ ನಾಲ್ಕು ಮಾತು. ಶುರುವಿನ ವರ್ಷಗಳಲ್ಲಿ ಒಂದೊಂದು ಹಾಡನ್ನೂ ಮನೆಗೆ ಹೊತ್ತೊಯ್ದು, ಪಾತ್ರೆ ತೊಳೆಯುತ್ತ ಕೇಳಿ, ಮಲಗಿ ಕೇಳಿ, ಎದ್ದು ಮತ್ತೆ ಕೇಳಿ ಪರಿಚಯ ಬರೆಯುತ್ತಿದ್ದಳು. ಈಗ? ದಿನ ಬೆಳಗಾದರೆ ಹಾಡುಗಳು ಬುಟ್ಟಿಗಟ್ಟಲೆ ಬಂದು ಬೀಳುತ್ತವೆ. ವಿಡಿಯೋಗಳ ಸುದ್ದಿಯಂತೂ ಕೇಳಲೇಬೇಡಿ. ರೈಲು ಹಳಿಯ ಮೇಲೆ ಗಿಟಾರ್ ಹಿಡಿದು ನಡೆಯುವ ಹುಡುಗ; ಕಿಟಕಿಯ ಗಾಜಿಗೆ ಹಣೆ ಒತ್ತಿ ನಿಂತ ಹುಡುಗಿ; ಇಬ್ಬರೂ ನಿಧಾನಕ್ಕೆ ತಿರುಗಿ ನೋಡುತ್ತಾರೆ, ಯಾಕೆಂದು ಅವರಿಗೇ ಗೊತ್ತಿಲ್ಲ. ಇವಳು ‘ಒಂದು ವಿಭಿನ್ನ ಪ್ರಯತ್ನ’ ಎಂದು ಹೇಳಿ ಕೈತೊಳೆದುಕೊಳ್ಳುತ್ತಾಳೆ. ಬೈಯಬೇಡಿ ಅವಳನ್ನು. ಅಷ್ಟು ವರ್ಷ ಕೇಳಿದ ಕಿವಿಗೂ ಸುಸ್ತಾಗುತ್ತದೆ.

‘ಇವತ್ತು ಎಷ್ಟು ವಿಭಿನ್ನ ಪ್ರಯತ್ನ ಆಯ್ತೇ?’ ಎಂದು ಸಂಜೆ ಗಂಡ ಕೇಳುತ್ತಾನೆ. ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ. ಜೀವಮಾನವೆಲ್ಲ ಹಾರ್ನು ಕೇಳಿದ ಕಿವಿಗೆ ಈಗ ಹೆಂಡತಿಯ ಕಾರ್ಯಕ್ರಮವೇ ಗತಿ.

‘ನಿಮ್ಮ ಬಸ್ಸು ಹತ್ತಿದವರ ಮುಖ ಎಲ್ಲಾ ನೆನಪಿದೆಯೇನ್ರೀ ನಿಮಗೆ?’ ಎನ್ನುತ್ತಾಳೆ ಇವಳು, ಕಾಲು ನೀವಿಕೊಳ್ಳುತ್ತ.

‘ಒಂದೂ ಇಲ್ಲ. ಆದ್ರೆ ಎಲ್ರನ್ನೂ ಅವರವರ ಸ್ಟಾಪಲ್ಲಿ ಇಳಿಸಿದೀನಿ.’

ಮಾತಿನಕ್ಕ ಎಂದು ಹೆಸರಿಟ್ಟವರು ಕೇಳುಗರು. ಕಾರಣವಿದೆ. ಹಾಡಿನ ಆರಂಭದ ವಾದ್ಯ ಶುರುವಾಗುತ್ತಿದ್ದಂತೆ ಅದರ ಮೇಲೆ ಇವಳ ಮಾತೂ ಶುರುವಾಗುತ್ತಿತ್ತು. ಕಣ್ಣು ಪರದೆಯ ಮೇಲೆ ಓಡುವ ಸೆಕೆಂಡುಗಳ ಕಡೆ, ಬಾಯಿ ತನ್ನ ಪಾಡಿಗೆ. ಹಾಡುವವರು ಬಾಯಿ ತೆರೆಯುವುದಕ್ಕೆ ಕೂದಲೆಳೆಯಷ್ಟು ಮುಂಚೆ ಇವಳ ಕೊನೆಯ ಅಕ್ಷರ ಮುಗಿಯಬೇಕು, ಮುಗಿಯುತ್ತಿತ್ತು. ಒಂದು ದಿನವೂ ಯಾರ ಹಾಡಿನ ಪದವನ್ನೂ ತುಳಿದವಳಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರು ಗಾಜಿನಾಚೆ ನಿಂತು ಬಾಯಿಬಿಟ್ಟುಕೊಂಡು ನೋಡುತ್ತಿದ್ದರು. ಮ್ಯಾನೇಜರನಿಗೂ ಬೇಕಾದ್ದು ಅದೇ. ಅವಳ ಮಗನ ವಯಸ್ಸಿನವನು, ಮೂಗಿನ ತುದಿಯಲ್ಲೇ ಕೋಪ. ‘ಮೇಡಂ, ಮೌನ ಬಂತು ಅಂದ್ರೆ ಜನ ಬೇರೆ ಸ್ಟೇಷನ್ನಿಗೆ ಹೋದ್ರು ಅಂತ್ಲೇ. ಎಲ್ಲೂ ಖಾಲಿ ಬಿಡಬೇಡಿ’ ಎಂದು ಅವನ ಅಪ್ಪಣೆ. ಇವಳು ಬಿಡುತ್ತಿರಲಿಲ್ಲ.

ಒಂದು ದಿನ ಕೆಲಸಕ್ಕೆ ಮುಂಚೆ ಕಟ್ಟಿದ ಗಂಟಲಿಗೆ ಉಪ್ಪುನೀರು ಮುಕ್ಕಳಿಸುತ್ತಿದ್ದಾಗ ಫೋನು ಬಂತು.

‘ಮೇಡಂ, ನಾನು ಕನ್ನಡಕದಂಗಡೀಲಿ ಕೆಲಸ ಮಾಡೋಳು. ಇವತ್ತು ನನ್ನ ಹಾಡಿದೆ ಅಂದ್ರಲ್ಲ. ಮೇಡಂ, ಅದರ ಶುರೂಲಿ ಒಂಚೂರು...’

‘ಗೊತ್ತಮ್ಮ. ಹೆಸರು, ವಿವರ ಎಲ್ಲಾ ಸರಿಯಾಗಿ ಹೇಳ್ತೀನಿ.’

‘ಅದಲ್ಲ ಮೇಡಂ. ಶುರೂಲಿ...’

‘ಎಲ್ಲಾ ನಾನು ನೋಡ್ಕೋತೀನಿ ಕಣಮ್ಮ. ನಿಶ್ಚಿಂತೆಯಾಗಿರು.’ ಫೋನಿಟ್ಟಳು. ಹೊಸಬರೆಲ್ಲ ಮೊದಲ ದಿನ ಹೀಗೇ, ಹತ್ತು ಸಲ ಫೋನು ಮಾಡುತ್ತಾರೆ ಎಂದುಕೊಂಡು ಇನ್ನೊಂದು ಲೋಟ ಉಪ್ಪುನೀರು ಬೆರೆಸಿದಳು.

ಹಾಡು ಹಾಕಿದಾಗ ನೋಡುತ್ತಾಳೆ, ಪದಗಳು ಶುರುವಾಗುವುದಕ್ಕೆ ಹತ್ತಿರ ಹತ್ತಿರ ಅರ್ಧ ನಿಮಿಷವಿದೆ! ಅದಕ್ಕೆ ಮುಂಚೆ ಏನೋ ಮಂಕು ಮಂಕಾದ ಗುನುಗು, ಹಿಂದೆ ಯಾವುದೋ ಮೆಷಿನ್ನಿನ ಗುಂಯ್‌ಗುಟ್ಟುವ ಸದ್ದು. ದಿನವೂ ಕಿಷ್ಕಿಂಧೆಯಲ್ಲಿ ಮಾತು ತುರುಕುವವಳಿಗೆ ಬಯಲು ಸಿಕ್ಕಿದಂತಾಯಿತು. ಸದ್ದನ್ನು ಕೆಳಗಿಳಿಸಿ ಮಾತು ಶುರುಮಾಡಿದಳು. ಹಗಲೆಲ್ಲ ಕನ್ನಡಕದ ಗಾಜು ಉಜ್ಜುವ ಹುಡುಗಿ, ರಾತ್ರಿ ಪದ ಕಟ್ಟುತ್ತಾಳೆ. ವಿಡಿಯೋ ತೆಗೆದದ್ದು ಅವಳ ತಮ್ಮ, ಮನೆಯ ತಾರಸಿಯ ಮೇಲೆ, ಫೋನಿನಲ್ಲಿ. ಊರವರ ಕಣ್ಣಿಗೆ ಬೆಳಕು ಕೊಡುವವಳು ಇವತ್ತು ನಮ್ಮ ಕಿವಿಗೆ ತಂಪೆರೆಯಲು ಬಂದಿದ್ದಾಳೆ. ಒಂದು ವಿಭಿನ್ನ ಪ್ರಯತ್ನ! ಮಾತು ಮುಗಿಯಿತು, ಹುಡುಗಿಯ ದನಿ ಎದ್ದಿತು. ನಡುವೆ ಎಳೆಯಷ್ಟೂ ಬಿರುಕಿರಲಿಲ್ಲ. ಗಾಜಿನಾಚೆಯಿಂದ ಮ್ಯಾನೇಜರ್ ಹೆಬ್ಬೆರಳು ಎತ್ತಿ ತೋರಿಸಿದ.

ಕಾರ್ಯಕ್ರಮ ಮುಗಿದ ಮೇಲೆ ಹುಡುಗಿಯೇ ಫೋನು ಮಾಡಿದಳು. ‘ತುಂಬಾ ಥ್ಯಾಂಕ್ಸ್ ಮೇಡಂ. ಚೆನ್ನಾಗಿ ಹೇಳಿದ್ರಿ.’

ಥ್ಯಾಂಕ್ಸ್ ಹೇಳುವವರ ದನಿ ಹೇಗಿರುತ್ತದೆಂದು ಮಾತಿನಕ್ಕನಿಗೆ ಗೊತ್ತಿತ್ತು. ಇದು ಹಾಗಿರಲಿಲ್ಲ. ‘ಯಾಕಮ್ಮ? ಏನಾದ್ರೂ ತಪ್ಪು ಹೇಳಿದ್ನಾ?’

‘ಇಲ್ಲ ಇಲ್ಲ ಮೇಡಂ. ಪರವಾಗಿಲ್ಲ ಬಿಡಿ.’

‘ಬಿಡಿ ಅಂದ್ರೆ ಬಿಡೋಳಲ್ಲ ನಾನು. ಹೇಳು.’

ಹುಡುಗಿ ಹೇಳಿದಳು. ಆ ಗುನುಗು ಅವಳ ಅಪ್ಪನದು. ಕಾರ್ಖಾನೆಯಲ್ಲಿ ಲೋಹ ಕಡೆಯುವ ಲೇತ್ ಮೆಷಿನ್ ಮುಂದೆ ನಿಂತು ದುಡಿದ ಮನುಷ್ಯ, ಮೆಷಿನ್ನಿನ ಸದ್ದಿಗೇ ಶ್ರುತಿ ಹಿಡಿದು ಹಾಡುತ್ತಿದ್ದವನು. ಪ್ರಾಯದಲ್ಲಿ ಒಮ್ಮೆ ಇಸ್ತ್ರಿ ಅಂಗಿ ಹಾಕಿಕೊಂಡು ಯಾವುದೋ ರೇಡಿಯೋದವರ ದನಿ ಪರೀಕ್ಷೆಗೆ ಹೋಗಿದ್ದನಂತೆ. ಒಂದು ಸಾಲು ಹಾಡುವಷ್ಟರಲ್ಲಿ ಒಳಗಿದ್ದವರು ‘ಸಾಕು’ ಎಂದರಂತೆ. ನಗುನಗುತ್ತಲೇ ಮನೆಗೆ ಬಂದು ಹೆಂಡತಿಗೆ, ‘ನೋಡ್ತಿರು, ಸಾಯೋದ್ರೊಳಗೆ ಒಂದ್ಸಲ ಆ ಡಬ್ಬದೊಳಗೆ ಹೋಗಿ ಬರ್ತೀನಿ’ ಎಂದಿದ್ದ. ಹೋದ ವರ್ಷ ತೀರಿಕೊಂಡ. ಕಾರ್ಖಾನೆಯ ಗೆಳೆಯನೊಬ್ಬನ ಫೋನಿನಲ್ಲಿ ಆ ಗುನುಗು ಉಳಿದಿತ್ತು. ಮಗಳು ಅದನ್ನು ತನ್ನ ಹಾಡಿನ ಶುರುವಿಗೆ ಜೋಡಿಸಿದಳು.

‘ಅಮ್ಮನಿಗೆ ಕಣ್ಣು ಕಾಣಲ್ಲ ಮೇಡಂ. ವಿಡಿಯೋ ತೋರ್ಸೋಕಾಗಲ್ಲ. ಮಧ್ಯಾಹ್ನ ಊಟ ಬಡಿಸೋಕೆ ಮನೆಗೆ ಬರ್ತೀನಲ್ಲ, ಆಗ ನನ್ನ ಫೋನಲ್ಲೇ ನಿಮ್ಮ ಪ್ರೋಗ್ರಾಂ ಕೇಳ್ತೀವಿ. ಅಪ್ಪ ರೇಡಿಯೋಲಿ ಬಂದ್ರು ಅಂತ ಅಮ್ಮ ಒಂದ್ಸಲ ಕೇಳ್ಲಿ ಅಂತ, ಅದಕ್ಕೇ ಮಾಡಿದ್ದು ಇಷ್ಟೂ. ಹೇಳಿರ್ಲಿಲ್ಲ ಅವರಿಗೆ.’

‘ಕೇಳಿಸ್ಲೇ ಇಲ್ವಾ?’

‘ನೀವು ನಡುವೆ ಉಸಿರು ತಗೊಂಡ್ರಲ್ಲ, ಆಗ ಒಂದು ಕ್ಷಣ ಕೇಳಿಸ್ತು. ಅಮ್ಮ ತುತ್ತು ಕೈಯಲ್ಲೇ ಹಿಡ್ಕೊಂಡು ‘ಯಾರೇ ಅದು ಹಿಂದೆ?’ ಅಂದ್ರು. ಅಷ್ಟರಲ್ಲಿ ನೀವು ಮತ್ತೆ... ಆಮೇಲೆ ಫೋನಲ್ಲಿದ್ದ ಹಾಡನ್ನೇ ಹಾಕಿದೆ. ಸ್ವಲ್ಪ ಕೇಳಿ, ಆರ್ಸು ಅಂದುಬಿಟ್ರು. ‘ಫೋನಲ್ಲಿ ಬಂದ್ರೆ ಏನ್ ಬಂತೇ? ಪಾಪ, ರೇಡಿಯೋಲಿ ಈ ಸಲವೂ ಅವರನ್ನ ಹಾಡೋಕೆ ಬಿಡ್ಲಿಲ್ಲ’ ಅಂದ್ರು.’

ಮಾತಿನಕ್ಕನಿಗೆ ಆಗ ನೆನಪಾಯಿತು. ಬೆಳಿಗ್ಗೆ ಹುಡುಗಿ ಎರಡು ಸಲ ‘ಶುರೂಲಿ, ಶುರೂಲಿ’ ಎಂದಳಲ್ಲ! ಎರಡು ಸಲವೂ ಬಾಯಿ ಮುಚ್ಚಿಸಿದೆನಲ್ಲ! ಹಾಡಿನ ಪದ ತುಳಿಯದವಳು ಎಂದು ಮೆರೆದದ್ದೇ ಮೆರೆದದ್ದು, ಪದ ಹುಟ್ಟುವುದಕ್ಕೆ ಮುಂಚೆ ಅಲ್ಲೂ ಒಬ್ಬ ಮನುಷ್ಯನಿರಬಹುದು ಎಂದು ಹೊಳೆದಿರಲೇ ಇಲ್ಲ. ಎಷ್ಟು ಜನ ಏನೇನು ಇಟ್ಟಿದ್ದರೋ ಆ ಜಾಗದಲ್ಲಿ, ಎಷ್ಟು ವರ್ಷ ಅದರ ಮೇಲೆ ಹರಟಿದ್ದಳೋ. ಆ ದಿನ ಅವಳಿಗೆ ತನ್ನ ದನಿಯೇ ಬೇಡವಾಯಿತು.

ನೇರ ಮ್ಯಾನೇಜರನ ಹತ್ತಿರ ಹೋದಳು. ‘ಇವತ್ತಿನ ಹಾಡು ನಾಳೆ ಇನ್ನೊಂದ್ಸಲ ಹಾಕ್ತೀನಿ.’

‘ಆಗಲ್ಲ ಮೇಡಂ. ಒಬ್ಬರಿಗೆ ಒಂದೇ ಸಲ, ನೀವೇ ಮಾಡಿದ ನಿಯಮ. ಕ್ಯೂ ನೋಡಿದೀರಾ ಎಷ್ಟಿದೆ?’

‘ಅದರ ಶುರೂಲಿ ನಾನು ಮಾತಾಡಿಬಿಟ್ಟೆ.’

‘ಮಾತಾಡೋಕೇ ಅಲ್ವಾ ನಿಮ್ಮನ್ನ ಇಟ್ಕೊಂಡಿರೋದು?’ ಎಂದ ಅವನು. ಅವಳ ಮುಖ ನೋಡಿ ದನಿ ತಗ್ಗಿಸಿದ. ‘ಕೇಳುಗರು ಯಾರಾದ್ರೂ ಫೋನ್ ಮಾಡಿ ಕೇಳಿದ್ರೆ ಹಾಕೋಣ, ಆಯ್ತಾ? ಅದಿಲ್ದೆ ನನ್ನ ಕೈಲೂ ಏನೂ ಆಗಲ್ಲ.’

ಕೇಳುಗರು ಯಾರೂ ಫೋನು ಮಾಡಲಿಲ್ಲ. ಯಾಕೆ ಮಾಡುತ್ತಾರೆ? ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಮೆಟ್ಟಿಲ ಮೇಲೆ ಕೂತು ಗಂಡನಿಗೆ ಎಲ್ಲ ಹೇಳಿದಳು. ‘ಸಾಕಾಗಿದೆ ಕಣ್ರೀ. ಬಾಯಿ ತೆಗೆಯೋಕೇ ಬೇಸರ’ ಎಂದು ಕಣ್ಣೊರೆಸಿಕೊಂಡಳು. ಅವನು ಫೋನು ಎತ್ತಿಕೊಂಡು ಒಳಗೆ ಹೋದ. ಇವಳು ಎದ್ದು ಅಡುಗೆಮನೆ ಸೇರಿದಳು.

ಬೆಳಿಗ್ಗೆ ಮ್ಯಾನೇಜರ್ ಮೆಟ್ಟಿಲ ತುದಿಯಲ್ಲೇ ಕಾಯುತ್ತಿದ್ದ. ‘ನಿನ್ನೆ ಸಂಜೆ ಒಬ್ಬ ಕಾಲೇಜು ಹುಡುಗ ಫೋನ್ ಮಾಡಿದ್ದ, ಮೇಡಂ. ಆ ಹಾಡು ಮತ್ತೆ ಬೇಕಂತೆ, ತುಂಬಾ ವಿಭಿನ್ನ ಪ್ರಯತ್ನವಂತೆ.’

‘ಹೌದಾ?’ ಮಾತಿನಕ್ಕನ ಮುಖವರಳಿತು.

‘ಹೂಂ. ಮಾತಿನ ಮಧ್ಯೆ ಹಿಂದೆ ಕುಕ್ಕರ್ ಕೂಗ್ತು. ಹುಡುಗ ಫೋನ್ ಹಿಡ್ಕೊಂಡೇ ‘ಲೇ, ಸೀಟಿ ಸಾಕು ಕಣೇ, ಅನ್ನ ಮುದ್ದೆಯಾಗುತ್ತೆ’ ಅಂದ.’ ಅವನು ನಗಲಿಲ್ಲ, ಆದರೆ ಮೂಗಿನ ತುದಿಯ ಕೋಪ ಎಲ್ಲೂ ಕಾಣಲಿಲ್ಲ. ‘ಒಂದ್ಸಲ. ಇದೊಂದೇ ಸಲ.’

ಮಾತಿನಕ್ಕ ಹುಡುಗಿಗೆ ಫೋನು ಮಾಡಿದಳು. ‘ಸರಿಯಾದ ಹೊತ್ತಿಗೆ ರೇಡಿಯೋ ಹಚ್ಚಮ್ಮ. ಕಾರ್ಯಕ್ರಮ ನಿನ್ನ ಹಾಡಿಂದಲೇ ಶುರು. ನಾನು ತುಟಿ ಎರಡು ಮಾಡಲ್ಲ, ನಮಸ್ಕಾರ ಕೂಡ ಹೇಳಲ್ಲ.’

ಹಾಗೇ ಮಾಡಿದಳು. ಹೊತ್ತಾದೊಡನೆ ಮೈಕಿನ ಗುಂಡಿ ಮುಟ್ಟದೆ ಹಾಡು ಬಿಟ್ಟಳು. ಗುನುಗು ಎದ್ದಿತು. ಮೊದಲು ಮೆಷಿನ್ನಿನ ಗುಂಯ್, ಅದರ ಬೆನ್ನಿಗೆ ಒರಟು ಗಂಟಲಿನ ಒಬ್ಬ ಮನುಷ್ಯ, ಯಾರೂ ಕೇಳುತ್ತಿಲ್ಲವೆಂದು ತಿಳಿದು ಆರಾಮಾಗಿ ಹಾಡಿಕೊಳ್ಳುತ್ತಿದ್ದ. ಒಂದು ಕಡೆ ಕೆಮ್ಮಿ ಮತ್ತೆ ಎತ್ತಿಕೊಂಡ. ಮಾತಿನಕ್ಕನ ನಾಲಿಗೆ ಅಭ್ಯಾಸಬಲಕ್ಕೆ ಎರಡು ಸಲ ಎದ್ದಿತು, ಹಲ್ಲು ಕಚ್ಚಿ ಕೂತಳು. ಹೊರಗೆ ಮ್ಯಾನೇಜರ್ ‘ಮಾತಾಡಿ, ಮಾತಾಡಿ’ ಎಂದು ಕೈ ತಿರುಗಿಸುತ್ತಿದ್ದ. ಇವಳು ಅವನ ಕಡೆ ಬೆನ್ನು ಮಾಡಿದಳು. ಗುನುಗು ಮುಗಿದು ಮಗಳ ದನಿ ಶುರುವಾದಾಗ ಮಾತಿನಕ್ಕನಿಗೆ ಯಾವುದೋ ಭಾರ ಇಳಿಸಿದಂತಾಗಿ, ಕುರ್ಚಿಗೆ ಒರಗಿದಳು.

ಫೋನಿನ ದೀಪ ಮಿನುಗಿತು. ಹುಡುಗಿಯೇ. ದನಿಯಲ್ಲಿ ಅಳು.

‘ಮೇಡಂ, ಪಕ್ಕದ ಮನೆಯವರ ಫೋನ್ ಇಸ್ಕೊಂಡು ಮಾಡ್ತಿದೀನಿ, ನಂದ್ರಲ್ಲಿ ರೇಡಿಯೋ ಓಡ್ತಿದೆ. ಅಮ್ಮ ನಂಬ್ತಾನೇ ಇಲ್ಲ.’

‘ಏನು ನಂಬ್ತಿಲ್ಲ?’

‘ರೇಡಿಯೋ ಅಂತ. ನಾನೀಗ ತಾನೇ ಓಡಿ ಬಂದು ಹಚ್ಚಿದೆ, ಹಚ್ಚಿದ ಕೂಡ್ಲೇ ಅಪ್ಪನ ದನಿ ಬಂತು. ‘ನನ್ನ ಸಮಾಧಾನಕ್ಕೆ ನಿನ್ನೆಯ ಹಾಗೇ ನೀನೇ ಹಾಕ್ತಿದೀಯ, ಕುರುಡಿ ಅಂತ ಆಟ ಆಡಿಸ್ಬೇಡ’ ಅಂತಿದಾರೆ. ರೇಡಿಯೋ ಆಗಿದ್ರೆ ಮಾತಿನಕ್ಕ ಸುಮ್ಮನಿರ್ತಿದ್ರಾ ಅಂತಾರೆ, ಮೇಡಂ! ತಟ್ಟೆ ದೂಡಿಬಿಟ್ರು.’

ಮಾತಾಡಿದರೂ ತಪ್ಪು, ಬಿಟ್ಟರೂ ತಪ್ಪು! ಎಂಥ ಬಾಳಪ್ಪಾ ಇದು ಎನಿಸಿತು ಮಾತಿನಕ್ಕನಿಗೆ. ಆಮೇಲೆ ‘ಫೋನ್ ಇಡಬೇಡ, ಹಾಗೇ ಹಿಡ್ಕೊಂಡಿರು’ ಎಂದು, ರಿಸೀವರನ್ನು ಕಿವಿ ಭುಜಗಳ ನಡುವೆ ಸಿಕ್ಕಿಸಿಕೊಂಡು, ಓಡುತ್ತಿದ್ದ ಹಾಡನ್ನು ನಿಲ್ಲಿಸಿದಳು. ರೇಡಿಯೋ ಖಾಲಿಯಾಯಿತು, ಸದ್ದೇ ಇಲ್ಲ. ಮ್ಯಾನೇಜರ್ ಎರಡೂ ಅಂಗೈಯಿಂದ ಗಾಜು ಬಡಿಯತೊಡಗಿದ. ಅವಳು ಮೈಕು ಎಳೆದುಕೊಂಡಳು.

‘ಅಮ್ಮಾ, ನಾನು, ಮಾತಿನಕ್ಕ. ಇದು ಮಗಳ ಆಟ ಅಲ್ಲ, ರೇಡಿಯೋನೇ. ಈಗ ಊರೆಲ್ಲ ಕೇಳಿದ್ದು ನಿಮ್ಮ ಯಜಮಾನ್ರನ್ನ. ನಿನ್ನೆ ನಾನು ಅವರ ಮೇಲೆ ಮಾತಾಡಿಬಿಟ್ಟೆ, ತಪ್ಪಾಯ್ತು. ಅವರು ಮೊದಲಿಂದ ಹಾಡ್ತಾರೆ, ಯಾರೂ ಸಾಕು ಅನ್ನಲ್ಲ. ಊಟ ಮಾಡ್ತಾ ಕೇಳಿ.’

ಮೈಕು ಆರಿಸಿ, ಹಾಡನ್ನು ಮೊದಲಿನಿಂದ ಬಿಟ್ಟಳು. ಕಿವಿಗೆ ಒತ್ತಿದ ಫೋನಿನಲ್ಲಿ ಆ ಮನೆಯೊಳಗೂ ಅದೇ ಗುನುಗು ಎದ್ದದ್ದು ಕೇಳಿಸಿತು. ‘ಕೇಳಿದ್ಯಾ ಅಮ್ಮಾ? ನಾನು ಹೇಳ್ಲಿಲ್ವಾ?’ ಎಂದಳು ಹುಡುಗಿ.

‘ಶ್! ಮಾತಾಡಬೇಡ್ವೇ’ ಎಂದಿತು ಇನ್ನೊಂದು ದನಿ. ‘ನಿಮ್ಮಪ್ಪ ಹಾಡ್ತಿದಾರೆ.’