ಹಲ್ಲು ಕೀಳುವ ಮೊದಲೇ

ಸೈಕಲ್ ರಿಪೇರಿಯವನಿಗೆ ಬೀದಿಯ ಮಕ್ಕಳು ಇಟ್ಟ ಹೆಸರು ಬಿಗಿಮಾಮ. ನಟ್ಟಾಗಲಿ ಬಾಯಾಗಲಿ, ಆತ ಬಿಗಿ ಮಾಡಿದರೆ ಸಡಿಲಿಸಲು ಇನ್ನೊಬ್ಬ ಹುಟ್ಟಿ ಬರಬೇಕು. ವರ್ಷಗಟ್ಟಲೆ ಅಂಗಡಿಯಲ್ಲಿ ಜೊತೆಗಿದ್ದ ಭಾವ, ಅಂದರೆ ಅಕ್ಕನ ಗಂಡ, ತೀರಿಕೊಂಡಾಗಲೂ ಅವನ ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಹಲ್ಲು ಕಚ್ಚಿಕೊಂಡು ಪಂಕ್ಚರ್ ಹಾಕುತ್ತ ಕೂತ.

ಅಕ್ಕನಿಗೆ ಅದೇ ಕೊರಗು. "ನಾನಂತೂ ಅತ್ತು ಅತ್ತು ಹಗುರಾದೆ. ನೀನೂ ಒಂದ್ಸಲ ಅತ್ತುಬಿಡೋ" ಎಂದು ಗೋಗರೆದಳು. ಒಂದು ರಾಶಿ ಈರುಳ್ಳಿ ಮುಂದಿಟ್ಟು ಹೆಚ್ಚಲು ಹೇಳಿದಳು. ಆತ ಸಣ್ಣಗೆ, ಚೆಂದವಾಗಿ ಹೆಚ್ಚಿಕೊಟ್ಟ, ಅತ್ತವಳು ಅವಳೇ. ಗೋಳಿನ ಸಿನಿಮಾಕ್ಕೆ ಎಳೆದುಕೊಂಡು ಹೋದಳು. ನಾಯಕಿ ಪ್ರಾಣ ಬಿಡುವಾಗ ಇಡೀ ಥಿಯೇಟರು ಮೂಗು ಸೀಟುತ್ತಿದ್ದರೆ, ಆತ ಪಿಸುಗುಟ್ಟಿದ: "ಅಕ್ಕಾ, ಆ ಹೀರೋ ಸೈಕಲ್ಲಿನ ಚೈನು ಸಡಿಲ ಇದೆ."

ಕಚ್ಚಿ ಕಚ್ಚಿ ಕಡೆಗೆ ದವಡೆ ಹಲ್ಲೇ ಸೀಳಿತು. ಕೆನ್ನೆ ಊದಿ ಬನ್ನಿನಂತಾಯಿತು. ಅಕ್ಕ ಅವನನ್ನು ಹಲ್ಲಿನ ಡಾಕ್ಟರ ಬಳಿ ಕರೆತಂದು, ಹೊರಗೆ ಸರದಿ ಕಾಯುವವರ ಬೆಂಚಿನಲ್ಲಿ ಕೂತಳು.

ಒಳಗೆ ಡಾಕ್ಟರಮ್ಮ ಕುರ್ಚಿ ಹಿಂದಕ್ಕೆ ವಾಲಿಸಿ, "ಬಾಯಿ ತೆಗೀರಿ" ಎಂದರು. ಬೆರಳಗಲ ತೆಗೆದ.

"ಇನ್ನೂ ದೊಡ್ಡದಾಗಿ. ಇನ್ನೂ... ಯಾಕಿಷ್ಟು ಬಿಗಿ ಹಿಡ್ಕೊಂಡಿದ್ದೀರಾ? ಬಿಟ್ಬಿಡಿ."

ದವಡೆ ಲಟಕ್ಕೆಂದಿತು. ಅದರ ಹಿಂದೆಯೇ ಹೊಟ್ಟೆಯ ಆಳದಿಂದ "ಭಾವಾ..." ಎಂಬ ರಾಗ ಹೊರಟಿತು. ಅವನಿಗೇ ಗಾಬರಿ. ಬಾಯಿ ಮುಚ್ಚೋಣವೆಂದರೆ ಮುಚ್ಚಲೊಲ್ಲದು. ಕಣ್ಣು ಮೂಗು ಎರಡೂ ಒಟ್ಟಿಗೆ ಕೋಡಿ ಹರಿದವು.

"ಅಯ್ಯೋ, ನಾನಿನ್ನೂ ಮುಟ್ಟೇ ಇಲ್ವಲ್ಲಪ್ಪಾ! ಇಂಜೆಕ್ಷನ್ನೂ ಕೊಟ್ಟಿಲ್ಲ!" ಎಂದರು ಡಾಕ್ಟರಮ್ಮ.

ಹೊರಗಿದ್ದವರು ಮುಖ ಮುಖ ನೋಡಿಕೊಂಡರು. ಒಬ್ಬರಿಗೆ ಹಲ್ಲುನೋವು ತಟ್ಟನೆ ವಾಸಿಯಾಯಿತು. ಇನ್ನೊಬ್ಬರಿಗೆ ಮನೆಯಲ್ಲಿ ಒಲೆ ಆರಿಸದೆ ಬಂದದ್ದು ನೆನಪಾಯಿತು. ನೋಡನೋಡುತ್ತ ಬೆಂಚು ಖಾಲಿ. ಅಕ್ಕ ಮಾತ್ರ ಒಳಗೆ ನುಗ್ಗಿದಳು.

"ಅಳ್ತಿದ್ದಾನೆ! ಡಾಕ್ಟರೇ, ನಮ್ಮವನು ಅಳ್ತಿದ್ದಾನೆ!" ಎಂದು ಸಂಭ್ರಮದಿಂದ ಡಾಕ್ಟರಮ್ಮನ ಕೈ ಕುಲುಕಿ, ತಾನೂ ಜೋರಾಗಿ ಶುರುಮಾಡಿದಳು.

"ಅಕ್ಕಾ, ಭಾವ ಪಂಪ್ ಹೊಡೀವಾಗ ಹಾಡ್ತಿದ್ರಲ್ಲ... ಎಷ್ಟು ಕೆಟ್ಟದಾಗಿ ಹಾಡ್ತಿದ್ರು!" ಎಂದು ಆತ ಬಿಕ್ಕಿದ.

"ಹೂಂ ಕಣೋ, ಟ್ಯೂಬೇ ಹೆದರಿ ಗಾಳಿ ಬಿಡ್ತಿತ್ತು!"

ಅಳುವಿನ ನಡುವೆ ಇಬ್ಬರಿಗೂ ನಗು ಉಕ್ಕಿತು. ನಕ್ಕರು, ಬಿಕ್ಕಿದರು, ಮತ್ತೆ ನಕ್ಕರು. ಡಾಕ್ಟರಮ್ಮ ಹತ್ತಿಯ ಡಬ್ಬಿಯನ್ನೇ ಅವರ ಮುಂದೆ ಹಿಡಿದರು.

ಎದೆಯ ಮೇಲಿಂದ ಯಾರೋ ಮೂಟೆ ಇಳಿಸಿದಂತಾಗಿ ಆತ ಹಾಯಾಗಿ ಎದ್ದು ಹೊರಟ.

"ಸ್ವಲ್ಪ ನಿಲ್ಲಿ, ಹಲ್ಲು ಇನ್ನೂ ಬಾಯಲ್ಲೇ ಇದೆ" ಎಂದರು ಡಾಕ್ಟರಮ್ಮ. "ಕೀಳ್ತೀನಿ. ಆದ್ರೆ ಆಮೇಲೆ ದಯವಿಟ್ಟು ಹಿಂದಿನ ಬಾಗಿಲಿಂದ ಹೋಗಿ. ಹೊರಗೆ ಹೊಸಬರು ಬಂದು ಕೂತಿದ್ದಾರೆ."